ಟ್ರಾಂಬ್ಲೆ

ಟ್ರಾಂಬ್ಲೆ ಎಂಬುದು ಕೆನಡ ದೇಶದ ಕ್ವಿಬೆಕ್ ಪ್ರಾಂತದ ಫ್ರೆಂಚ್ ಭಾಷಿಕರಲ್ಲಿ ಅತ್ಯಂತ ವಿಪುಲವಾಗಿ ಹಬ್ಬಿರುವ ಕುಲನಾಮ. ಆ ಪ್ರಾಂತದ ಅಂಕಿಅಂಶ ಸಂಸ್ಥೆ 2006ರಲ್ಲಿ ಸಿದ್ಧಪಡಿಸಿದ ಕುಲನಾಮಗಳ ಪಟ್ಟಿಯಲ್ಲಿ ಗಾನ್ಯೋಂ, ರುವಾ, ಕೊತೆ, ಬುಶಾರ್ ಮೊದಲಾದ ಹೆಸರುಗಳನ್ನು ಹಿಂದಿಕ್ಕಿ ಪ್ರಥಮಸ್ಥಾನದಲ್ಲಿ ನಿಂತದ್ದು ಇದೇ; ಅಲ್ಲಿನ ನೂರು ಜನರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿ ಈ ಹೆಸರಿನವರು. ಇಂಥ ವಿಸ್ತಾರವನ್ನು ಪಡೆದ ಹೆಸರಿನ ಮೂಲದಲ್ಲಿ ರಾಜವಂಶವೊಂದು ಇದ್ದೀತು, ಇಲ್ಲವೆ ಹಲವು ಊರುಗಳಿಂದ ಬಂದ ಹಲವು ಮನೆತನಗಳಾದರೂ ಇದ್ದಾವು ಎಂದು ಯಾರಿಗಾದರೂ ತೋರುವುದು ಸಹಜ. ಆದರೆ ವಂಶಾವಳಿಗಳನ್ನು ಶೋಧಿಸಿದ ವಿದ್ವಾಂಸರು ಕಂಡುಕೊಂಡ ಸಂಗತಿ ಬೇರೆ: ಉತ್ತರ ಅಮೆರಿಕದ ಟ್ರಾಂಬ್ಲೆಗಳೆಲ್ಲರ ವಂಶಮೂಲ ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಸೇಂಟ್ ಲಾರೆನ್ಸ್ ನದಿಯ ದಡದಲ್ಲಿ ಬೇಸಾಯ ಹೂಡಿದ ಒಂದೇ ಒಂದು ಸಂಸಾರ.

ಹೆಸರು: ಫ್ರೆಂಚ್ ನುಡಿಯಲ್ಲಿ ‘ಟ್ರಾಂಬ್ಲ್’ ಎಂಬುದು ಆಸ್ಪೆನ್ ಮರದ ಹೆಸರು. ನಮ್ಮ ಅಶ್ವತ್ಥದ ಎಲೆಯಂತೆ ಅದರ ಎಲೆಯೂ ಉದ್ದವಾದ ತೊಟ್ಟಿನ ಮೇಲೆ ನಿಂತು, ಗಾಳಿ ಸುಳಿಯಿತೋ ಇಲ್ಲವೋ ಎನ್ನುವಷ್ಟರಲ್ಲಿ ನಡುಗತೊಡಗುತ್ತದೆ. ಆ ಮರಗಳ ತೋಪಿದ್ದ ಸ್ಥಳಗಳಿಗೆ ಟ್ರಾಂಬ್ಲೆ ಎಂಬ ಹೆಸರು ಬಂದಿತು. ಪ್ಯಾರಿಸಿನ ಸಮೀಪದ ಟ್ರಾಂಬ್ಲೆ-ಆಂ-ಫ್ರಾನ್ಸ್ ಈಗಲೂ ಅದನ್ನು ಉಳಿಸಿಕೊಂಡಿದೆ. ಅಂಥ ಸ್ಥಳಗಳಲ್ಲಿ ವಾಸಿಸಿದವರಿಗೆ ಕಾಲಕ್ರಮದಲ್ಲಿ ಅದೇ ಮನೆತನದ ಹೆಸರಾಯಿತು. ಕ್ವಿಬೆಕಿನ ಪ್ರಸಿದ್ಧ ವಿಹಾರಗಿರಿಯಾದ ಮೋಂ-ಟ್ರಾಂಬ್ಲಾಂಗೂ ಈ ಮನೆತನಕ್ಕೂ ಸಂಬಂಧವಿಲ್ಲ. ಅದರ ಹೆಸರು ಆ ಬೆಟ್ಟ ಕಂಪಿಸುವುದೆಂಬ ಆದಿವಾಸಿಗಳ ನಂಬಿಕೆಯಿಂದ ಬಂದುದು.

ಮೂಲಪುರುಷ: ನಾರ್ಮಂಡಿಯ ಅಂಚಿನಲ್ಲಿರುವ ಪೆರ್ಷ್ ಸೀಮೆಯ ರಾಂಡೊನೆ ಎಂಬ ಹಳ್ಳಿಯಲ್ಲಿ 1626ರಲ್ಲಿ ಜನಿಸಿದ ಪಿಯೆರ್ ಟ್ರಾಂಬ್ಲೆ ಈ ವಂಶದ ಮೂಲಪುರುಷ. ಆ ಚಿಕ್ಕ ಸೀಮೆಯಿಂದ ಅಟ್ಲಾಂಟಿಕ್ ಸಾಗರವನ್ನು ದಾಟಿದ ಸಂಸಾರಗಳು ಕೆಲವೇ ಆದರೂ ಕ್ವಿಬೆಕಿನ ಜನಜೀವನದಲ್ಲಿ ಅವು ಊರಿದ ಬೇರು ಆಳವಾದುದು. ನಿಯತಕಾಲ ದುಡಿಯುವ ಕರಾರಿಗೆ ಒಪ್ಪಿದ ಕೂಲಿಯಾಳಾಗಿ ಪಿಯೆರ್ 1647ರಲ್ಲಿ ನೂತನ ಫ್ರಾನ್ಸ್ ಎನಿಸಿದ ಆ ವಸಾಹತಿಗೆ ಬಂದನು. ಕರಾರು ಮುಗಿಸಿದ ಬಹುಮಂದಿ ತಾಯ್ನಾಡಿಗೆ ಮರಳುತ್ತಿದ್ದ ಕಾಲದಲ್ಲಿ ಈತ ಅಲ್ಲಿಯೇ ನಿಂತು, 1657ರ ಅಕ್ಟೋಬರ್ 2ರಂದು ಕ್ವಿಬೆಕ್ ಪಟ್ಟಣದಲ್ಲಿ ಓಜಾನ್ ಆಶೋಂ ಎಂಬಾಕೆಯನ್ನು ವಿವಾಹವಾದನು. ಲಾ ರೊಷೆಲ್ ಬಂದರಿನ ಹಿನ್ನಾಡಾದ ಓನಿಸ್ ಸೀಮೆ ಆಕೆಯ ತವರು. ವಸಾಹತಿನ ಗಂಡಸರಿಗೆ ವಧುಗಳನ್ನು ಒದಗಿಸಲೆಂದು ಫ್ರಾನ್ಸಿನ ದೊರೆ 1663ರಿಂದ 1673ರವರೆಗೆ ತನ್ನ ಬೊಕ್ಕಸದ ವೆಚ್ಚದಲ್ಲಿ ಸುಮಾರು 800 ತರುಣಿಯರನ್ನು ಕಳುಹಿಸಿದ್ದು ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಓಜಾನ್ ಅದಕ್ಕೂ ಮುಂಚೆ, ರಾಜಾಶ್ರಯದ ಯಾವ ಭರವಸೆಯೂ ಇಲ್ಲದೆ, ಆ ಹಿಮದ ನಾಡಿಗೆ ಬಂದ ವಿರಳ ಸ್ತ್ರೀಯರಲ್ಲಿ ಒಬ್ಬಳು. ದಂಪತಿಗಳು ಕ್ವಿಬೆಕ್ ಪಟ್ಟಣದ ಕೆಳಗಣ ನದೀತೀರದಲ್ಲಿರುವ ಲಾಂಜ್-ಗಾರ್ಡಿಯಾಂ ಎಂಬಲ್ಲಿ ನೆಲೆಸಿ ಹನ್ನೆರಡು ಮಕ್ಕಳನ್ನು ಪಡೆದರು. ಅವರಲ್ಲಿ ಪಿಯೆರ್, ಮಿಶೆಲ್, ಜಾಕ್, ಲೂಯಿ ಎಂಬ ನಾಲ್ವರು ಗಂಡುಮಕ್ಕಳಿಂದ ಕುಲನಾಮ ಮುಂದುವರಿಯಿತು. ಪತಿಯ ಮರಣಾನಂತರ ಅನೇಕ ವರ್ಷ ಬಾಳಿದ ಓಜಾನ್ 1707ರಲ್ಲಿ ತೀರಿಕೊಂಡಳು.

ವಿಸ್ತಾರಕ್ಕೆ ಕಾರಣ: 1663ರಲ್ಲಿ ವಸಾಹತಿನ ಒಟ್ಟು ಜನಸಂಖ್ಯೆ ಮೂರು ಸಾವಿರದಷ್ಟಿತ್ತು. ಅಂಥ ಅಲ್ಪ ಸಮುದಾಯದಲ್ಲಿ ಮೊದಲೇ ಬೇರೂರಿದ ಸಂಸಾರಕ್ಕೆ ತಡವಾಗಿ ಬಂದವರಿಗಿಲ್ಲದ ಒಂದೆರಡು ತಲೆಮಾರುಗಳ ಮುನ್ನಡೆ ದೊರೆಯಿತು. ಗಂಡುಮಕ್ಕಳು ಉಳಿದು ಬೆಳೆದುದರಿಂದ ಹೆಸರು ಅಳಿಯಲಿಲ್ಲ. ಎಲ್ಲಕ್ಕೂ ಮಿಗಿಲಾಗಿ, ತಲೆಮಾರು ತಲೆಮಾರಿಗೂ ಈ ಮನೆಯ ತರುಣರು ಹೊಸ ನೆಲವನ್ನು ಅರಸಿ ಹೊರಟರು. ನದಿಯ ಕಡೆಗೆ ಕಿರಿದಾದ ಮುಖವನ್ನಿಟ್ಟು ಕಾಡಿನೊಳಕ್ಕೆ ನೀಳವಾಗಿ ಚಾಚಿಕೊಂಡಿದ್ದ ಅಲ್ಲಿನ ಜಮೀನುಗಳನ್ನು ಎಲ್ಲ ಮಕ್ಕಳಿಗೂ ಪಾಲು ಮಾಡಿದರೆ ಯಾರೊಬ್ಬರ ಹೊಟ್ಟೆಯೂ ತುಂಬುವಂತಿರಲಿಲ್ಲ. ಆದುದರಿಂದ ಒಬ್ಬ ಮಗ ಹಿರಿಯರ ಹೊಲದಲ್ಲಿ ನಿಂತರೆ ಮಿಕ್ಕವರು ಕೊಡಲಿ ಹಿಡಿದು ಹೊಸ ಕಾಡಿಗೆ ಹೋಗುವುದು ಅನಿವಾರ್ಯವಾಗಿತ್ತು.

ಹೀಗೆ ಹೊರಟವರು ಮೊದಲು ಮುಟ್ಟಿದುದು ಸೇಂಟ್ ಲಾರೆನ್ಸಿನ ಉತ್ತರ ದಡದಲ್ಲಿ, ಪರ್ವತಗಳು ನೀರಿನಂಚಿಗೇ ಇಳಿದುಬರುವ ಶಾರ್ಲವ್ವಾ ಸೀಮೆಯನ್ನು. ಅಲ್ಲಿನ ಲೇಜೆಬೂಲ್ಮಾಂ ಎಂಬ ಜಹಗೀರಿಯನ್ನು ಮೂಲಪುರುಷನ ಮಗನಾದ ಕಿರಿಯ ಪಿಯೆರ್ 1710ರಲ್ಲಿ ಕೊಂಡುಕೊಂಡನು. ಕೂಲಿಯಾಳಾಗಿ ಬಂದವನ ಮಗ ಭೂಸ್ವಾಮಿಯಾದದ್ದು ಆ ವಸಾಹತಿನಲ್ಲಿ ಬೆವರಿಗೆ ದೊರೆಯಬಹುದಾಗಿದ್ದ ಬೆಲೆಗೆ ಒಂದು ಗಣ್ಯ ನಿದರ್ಶನ. ಒಂದು ಶತಮಾನ ಕಾಲ ಆ ಜಹಗೀರಿ ಈ ಮನೆತನದಲ್ಲಿ ಉಳಿಯಿತು. ಅಲ್ಲಿನ ಜಲಪಾತದ ನೆತ್ತಿಯ ಮೇಲೆ ಜಾನ್-ಫ್ರಾಂಸ್ವಾ ಟ್ರಾಂಬ್ಲೆ 1790ರಲ್ಲಿ ಕಟ್ಟಿಸಿದ ಹಿಟ್ಟಿನ ಗಿರಣಿ ಇಂದಿಗೂ ನೋಡಲು ಸಿಕ್ಕುತ್ತದೆ. ಹಳ್ಳದ ನೀರು ಚಕ್ರವನ್ನು ತಿರುಗಿಸಿದರೆ ಚಕ್ರವು ಬೀಸುಕಲ್ಲನ್ನು ತಿರುಗಿಸುವ ಈ ಗಿರಣಿಗೇ ಒಕ್ಕಲುಗಳೆಲ್ಲ ತಮ್ಮ ಗೋದಿಯನ್ನು ತರಬೇಕೆಂಬುದು ಜಹಗೀರಿ ಪದ್ಧತಿಯ ಕಟ್ಟಳೆಯಾಗಿತ್ತು. ಬೀಸಿದ್ದಕ್ಕೆ ಪ್ರತಿಯಾಗಿ ಧಾನ್ಯದ ಹದಿನಾಲ್ಕನೆಯ ಒಂದು ಪಾಲು ಧಣಿಗೆ ಸಲ್ಲುತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಶಾರ್ಲವ್ವಾದ ನೆಲವೂ ಸಾಲದಾಯಿತು. ಅದರಾಚೆಯ ಸಾಗ್ನೆ ಕಣಿವೆ ತುಪ್ಪುಳ ಚರ್ಮದ ವ್ಯಾಪಾರಕ್ಕೆಂದು ಹಡ್ಸನ್ ಬೇ ಕಂಪನಿಯ ವಶದಲ್ಲಿದ್ದು ಬೇಸಾಯಗಾರರಿಗೆ ನಿಷಿದ್ಧವಾಗಿತ್ತು. ಆಗ ಲಾ ಮಾಲ್ಬೆ ಊರಿನ ಸುತ್ತಣ ಇಪ್ಪತ್ತೊಂದು ಮಂದಿ ಪಾಲುದಾರರಾಗಿ, ಮರ ಕಡಿಯುವ ಪರವಾನಗಿಯ ನೆಪದಲ್ಲಿ ನೆಲೆಯೂರುವ ಉದ್ದೇಶದಿಂದ, ‘ಇಪ್ಪತ್ತೊಬ್ಬರ ಸಂಘ’ವೆಂದು ಇತಿಹಾಸದಲ್ಲಿ ಹೆಸರಾದ ಕೂಟವನ್ನು ರಚಿಸಿದರು. ಇವರ ಮುಂದಾಳು ಅಲೆಕ್ಸಿ ಟ್ರಾಂಬ್ಲೆ. ಸಿಡುಬಿನ ಕಲೆಗಳುಳ್ಳವನು ಎಂಬರ್ಥದ ‘ಪಿಕೊಟೆ’ ಎಂಬುದು ಈತನ ಉಪನಾಮ. ಒಂದೇ ಕುಲನಾಮದವರು, ಒಂದೇ ಸಂತನ ಹೆಸರಿನವರು, ಒಂದೇ ಊರಿನಲ್ಲಿ ಹತ್ತಾರು ಮಂದಿ ಇದ್ದಾಗ ಈ ಬಗೆಯ ಉಪನಾಮಗಳಿಲ್ಲದೆ ಪಾದ್ರಿಗೂ ನೋಟರಿಗೂ ವ್ಯವಹಾರ ಸಾಗುತ್ತಿರಲಿಲ್ಲ. ಸಂಘದ ಜನ 1838ರ ಜೂನ್ 11ರಂದು ಹಾಯಿಹಡಗಿನಿಂದ ಗ್ರಾಂಡ್-ಬೇ ಎಂಬ ಕೊಲ್ಲಿಯಲ್ಲಿ ಇಳಿದರು. ಕೆಲವೇ ವರ್ಷಗಳಲ್ಲಿ ಅವರ ಮರಕೊಯ್ಯುವ ಕಾರ್ಖಾನೆಗಳು ದೊಡ್ಡ ವರ್ತಕನಾದ ವಿಲಿಯಂ ಪ್ರೈಸನ ಪಾಲಾದುವು. ಆದರೆ ಬಂದವರು ಹಿಂತಿರುಗಲಿಲ್ಲ, ಮತ್ತಷ್ಟು ಮಂದಿ ಬಂದರು. ಕ್ವಿಬೆಕಿನಲ್ಲಿ ಟ್ರಾಂಬ್ಲೆಗಳು ಅತಿ ಸಾಂದ್ರವಾಗಿರುವುದು ಸಾಗ್ನೆಯಲ್ಲಿ ಮತ್ತು ಅದಕ್ಕೆ ಸೇರಿದ ಸೇಂಟ್ ಜಾನ್ ಸರೋವರದ ಸುತ್ತಿನಲ್ಲಿ. ಗಡಿ ದಾಟಿ ಅಮೆರಿಕ ಸಂಯುಕ್ತ ಸಂಸ್ಥಾನಗಳಿಗೆ ಹೋದವರ ಹೆಸರು ಅಲ್ಲಿನ ಗುಮಾಸ್ತರ ಕೈಯಲ್ಲಿ ಟ್ರಾಂಬ್ಲಿ ಎಂದೂ ಟ್ರೆಂಬ್ಲಿ ಎಂದೂ ರೂಪಾಂತರಗೊಂಡಿತು.

ಶಾಸ್ತ್ರೀಯ ಅಧ್ಯಯನ: ಕ್ಯಾಥೊಲಿಕ್ ಪಾದ್ರಿಗಳು ಜನನ, ವಿವಾಹ, ಮರಣಗಳನ್ನು ತಪ್ಪದೆ ಬರೆದಿಟ್ಟ ಚರ್ಚಿನ ದಫ್ತರಗಳಿಂದಾಗಿ ಕ್ವಿಬೆಕಿನ ಸಾಮಾನ್ಯ ರೈತನಿಗೂ ಅರಸರಿಗಿರುವಂಥ ವಂಶಾವಳಿ ಲಭಿಸಿದೆ. ಪಾದ್ರಿ ಸಿಪ್ರಿಯಾಂ ಟಾಂಗೆ ಇವುಗಳನ್ನು ಆಧರಿಸಿ 1871ರಿಂದ 1890ರವರೆಗೆ ಏಳು ಸಂಪುಟಗಳ ವಂಶಕೋಶವನ್ನು ಹೊರತಂದನು. ಮುಂದೆ ಇತಿಹಾಸಕಾರ ಜೆರಾರ್ ಬುಶಾರನು ಶಿಕುಟಿಮಿಯಲ್ಲಿ ಸಾಗ್ನೆಯ ದಾಖಲೆಗಳನ್ನು ಗಣಕಯಂತ್ರಕ್ಕೆ ಅಳವಡಿಸುವ ಕಾರ್ಯವನ್ನು ಕೈಗೊಂಡನು. ಕೆಲವೇ ಪೂರ್ವಜರಿಂದ ಬೆಳೆದ ಸಮುದಾಯಗಳಲ್ಲಿ ಅಪರೂಪದ ಆನುವಂಶಿಕ ರೋಗಗಳು ಅಸಾಮಾನ್ಯವಾಗಿ ಹೆಚ್ಚುತ್ತವೆ; ಈ ಸೀಮೆಯಲ್ಲಿ ಯಕೃತ್ತನ್ನು ಕೆಡಿಸುವ ಟೈರೊಸಿನೀಮಿಯ ರೋಗದ ವಾಹಕರು ಸುಮಾರು ಇಪ್ಪತ್ತು ಜನರಲ್ಲಿ ಒಬ್ಬರಿದ್ದಾರೆ. ಕುಲನಾಮಕ್ಕೂ ರೋಗಕ್ಕೂ ನೇರವಾದ ನಂಟಿಲ್ಲವಾದರೂ ಎರಡಕ್ಕೂ ಕಾರಣವಾದ ಚರಿತ್ರೆ ಒಂದೇ. ವಂಶಾವಳಿಗಳು ವೈದ್ಯರಿಗೂ ಉಪಯುಕ್ತವಾದುದು, ಶಿಶುವಿನ ರಕ್ತವನ್ನು ಹುಟ್ಟಿದ ಕೂಡಲೇ ಪರೀಕ್ಷಿಸುವ ವ್ಯವಸ್ಥೆ ಬಂದುದು, ಈ ವಿದ್ಯೆ ಕೇವಲ ಕುಲಾಭಿಮಾನದ ವಿನೋದವಲ್ಲವೆಂಬುದಕ್ಕೆ ಸಾಕ್ಷಿ.

ಪ್ರಸಿದ್ಧರು: ಈ ಹೆಸರನ್ನು ಲೋಕಕ್ಕೆಲ್ಲ ಪರಿಚಯಿಸಿದವನು ಮಾಂಟ್ರಿಯಲಿನ ನಾಟಕಕಾರ ಹಾಗೂ ಕಾದಂಬರಿಕಾರ ಮಿಶೆಲ್ ಟ್ರಾಂಬ್ಲೆ (ಜನನ 1942). ಬಹುಮಾನವಾಗಿ ದೊರೆತ ಹತ್ತು ಲಕ್ಷ ವ್ಯಾಪಾರಿ ಚೀಟಿಗಳನ್ನು ಪುಸ್ತಿಕೆಗಳಿಗೆ ಅಂಟಿಸಲು ಗೃಹಿಣಿಯೊಬ್ಬಳು ನೆರೆಹೊರೆಯ ಹೆಂಗಸರನ್ನು ತನ್ನ ಅಡುಗೆಮನೆಗೆ ಕರೆಯಲು, ಬಂದವರು ಮಾತಿನಲ್ಲಿ ತಮ್ಮ ದುಃಖವನ್ನು ತೋಡಿಕೊಳ್ಳುತ್ತ ಕೈಯಲ್ಲಿ ಚೀಟಿಗಳನ್ನು ಕದಿಯುವುದೇ ‘ಲೇ ಬೆಲ್-ಸೋರ್’ ನಾಟಕದ ವಸ್ತು. ಮಾಂಟ್ರಿಯಲಿನ ಕಾರ್ಮಿಕರ ಆಡುನುಡಿಯಾದ ಜುಆಲ್ 1968ರಲ್ಲಿ ಹೀಗೆ ರಂಗವನ್ನೇರಿದಾಗ ಶಿಷ್ಟರು ಸಿಡಿದೆದ್ದರು; ಕಾಲ ಮಾತ್ರ ನಾಟಕಕಾರನ ಪರವಾಗಿ ನಿಂತಿತು. ಸಂಗೀತರಚನಕಾರ ಜಿಲ್ ಟ್ರಾಂಬ್ಲೆ (1932–2017) ಪ್ಯಾರಿಸಿನಲ್ಲಿ ಫ್ರೆಂಚ್ ಸಂಗೀತರಚನಕಾರ ಮೆಸ್ಯಾನ ಶಿಷ್ಯನಾಗಿದ್ದವನು. ಹಿಮದ ಹಾಕಿ ಆಟದಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಜೆ. ಸಿ. ಟ್ರಾಂಬ್ಲೆ (1939–1994) ಮತ್ತು ಮಾರಿಯೊ ಟ್ರಾಂಬ್ಲೆ (ಜನನ 1956) ತಲಾ ಐದು ಬಾರಿ ಸ್ಟ್ಯಾನ್ಲಿ ಕಪ್ ಗೆದ್ದ ತಂಡದಲ್ಲಿದ್ದರು. ಇಬ್ಬರೂ ಸಾಗ್ನೆ ಪ್ರದೇಶದಲ್ಲಿ ಹುಟ್ಟಿದವರು. ಜೆರಾಲ್ಡ್ ಟ್ರಾಂಬ್ಲೆ 2002ರಿಂದ 2012ರವರೆಗೆ ಮಾಂಟ್ರಿಯಲಿನ ನಗರಾಧ್ಯಕ್ಷನಾಗಿದ್ದನು. ಜಾನ್ ಟ್ರಾಂಬ್ಲೆ ಸಾಗ್ನೆ ನಗರಾಧ್ಯಕ್ಷನಾಗಿದ್ದಾಗ ನಗರಸಭೆಯ ಆರಂಭದಲ್ಲಿ ಪ್ರಾರ್ಥನೆ ಹೇಳುತ್ತಿದ್ದ ವಾಡಿಕೆ ವಿವಾದಕ್ಕೆ ಗುರಿಯಾಗಿ, ಕೆನಡದ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಅದು ಸಲ್ಲದೆಂದು ತೀರ್ಪಿತ್ತಿತು.

ಸ್ತ್ರೀಯರು ಮತ್ತು ಕುಲನಾಮ: ಈ ವಂಶದ ಕಥನದಲ್ಲಿ ಗಂಡುಮಕ್ಕಳ ಹೆಸರು ಮೇಲಾಗಿ ನಿಲ್ಲುವುದು ಕುಲನಾಮ ತಂದೆಯಿಂದ ಬರುತ್ತಿದ್ದ ಪದ್ಧತಿಯ ಫಲವೇ ಹೊರತು ಸತ್ಯದ ಸಮಗ್ರ ರೂಪವಲ್ಲ. ಓಜಾನಳ ಹೆಣ್ಣುಮಕ್ಕಳ ಸಂತತಿ ಇತರ ನೂರಾರು ಹೆಸರುಗಳಲ್ಲಿ ಬೆರೆತುಹೋಗಿದೆ. ಟ್ರಾಂಬ್ಲೆ ಎಂದು ಕರೆಯಿಸಿಕೊಳ್ಳದ ಅಸಂಖ್ಯರ ಮೂಲಮಾತೆಯೂ ಆಕೆಯೇ. ಕ್ವಿಬೆಕಿನ ಚರ್ಚುಗಳಲ್ಲಿಯೂ ನೋಟರಿ ಪತ್ರಗಳಲ್ಲಿಯೂ ವಿವಾಹಿತೆಯನ್ನು ತವರಿನ ಹೆಸರಿನಿಂದಲೇ ಬರೆಯುತ್ತಿದ್ದುದರಿಂದ ಅವರ ಜಾಡು ಅಳಿಸಿಲ್ಲವೆಂಬುದು ಸಮಾಧಾನದ ಸಂಗತಿ. 1981ರ ಕಾನೂನು ಸುಧಾರಣೆಯಿಂದ ವಿವಾಹದ ಅನಂತರವೂ ಹೆಂಡತಿ ತನ್ನ ಜನ್ಮನಾಮದಿಂದಲೇ ವ್ಯವಹರಿಸಬೇಕೆಂಬ ನಿಯಮವಾಯಿತು; ಮಗುವಿಗೆ ತಾಯಿಯ ಕುಲನಾಮವನ್ನಾಗಲಿ, ತಂದೆಯದನ್ನಾಗಲಿ, ಎರಡನ್ನೂ ಜೋಡಿಸಿಯಾಗಲಿ ಇಡಲು ಅವಕಾಶವುಂಟು. ಮುನ್ನೂರು ವರ್ಷ ಗಂಡುಸಂತತಿಯನ್ನು ಮಾತ್ರ ಅನುಸರಿಸಿ ಬಂದ ಈ ಹೆಸರು ಇನ್ನು ಹೆಣ್ಣುಮಕ್ಕಳಿಂದಲೂ ಮುಂದುವರಿಯಬಲ್ಲುದು.