ಸೇಂಟ್ ಮೇರೀಸ್ ದ್ವೀಪಗಳು

ಉಡುಪಿ ನಗರದ ಮಲ್ಪೆ ಬಂದರಿನಿಂದ ಸುಮಾರು 6 ಕಿ.ಮೀ. ದೂರದಲ್ಲಿ, ಅರಬ್ಬೀ ಸಮುದ್ರದೊಳಗೆ ಉತ್ತರ–ದಕ್ಷಿಣವಾಗಿ ಸಾಲುಗಟ್ಟಿರುವ ಚಿಕ್ಕ ಕಲ್ಲುದ್ವೀಪಗಳು. ತೋನ್ಸೆಪಾರ್ ಎಂಬ ಹೆಸರೂ ಇವಕ್ಕಿದೆ. ತೆಂಗಿನ ದ್ವೀಪ, ಉತ್ತರ ದ್ವೀಪ, ದಕ್ಷಿಣ ದ್ವೀಪ, ದರಿಯಾ ಬಹದ್ದೂರ್‌ಗಡ ಎಂದು ನಾಲ್ಕನ್ನು ಹೆಸರಿಸುವುದು ರೂಢಿ. ನೀರು ಇಳಿದಾಗ ಇನ್ನಷ್ಟು ಬಂಡೆಗಳು ತಲೆಯೆತ್ತುತ್ತವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ಶಿಲೆ

ತೆಂಗಿನ ದ್ವೀಪದ ಉದ್ದ ಸುಮಾರು 500 ಮೀಟರ್, ಅಗಲ 100 ಮೀಟರ್. ಇದರ ದಂಡೆಯಲ್ಲಿ ಐದು, ಆರು, ಏಳು ಮುಖಗಳ ಕಲ್ಲುಕಂಬಗಳು ಒತ್ತೊತ್ತಾಗಿ ನಿಂತಿವೆ. ಇವು ಮನುಷ್ಯರು ಕಡೆದವಲ್ಲ. ಲಾವಾ ಆರುತ್ತ ಕುಗ್ಗಿದಾಗ ಮೇಲ್ಮೈಯಲ್ಲಿ ಬಿರುಕುಗಳ ಜಾಲ ಮೂಡುತ್ತದೆ. ಒಳಭಾಗ ತಣಿದಂತೆಲ್ಲ ಬಿರುಕು ಆಳಕ್ಕಿಳಿದು ಶಿಲೆಯನ್ನು ಕಂಬಗಳಾಗಿ ಸೀಳುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಿರಿಯುವುದೂ ಇದೇ ಬಗೆಯ ಕ್ರಿಯೆ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಸೇರಿದಂತೆ ಹೆಸರಾಂತ ಕಂಬಶಿಲೆಗಳಲ್ಲಿ ಹೆಚ್ಚಿನವು ಬಸಾಲ್ಟ್. ಮಲ್ಪೆಯವು ಸಿಲಿಕಾ ಹೆಚ್ಚಿರುವ ರಯೊಲೈಟ್–ರಯೊಡೇಸೈಟ್ ವರ್ಗದವು.

ಕಾಲನಿರ್ಣಯ

ಈ ದ್ವೀಪಗಳ ನಿಜವಾದ ಮಹತ್ವ ಕಂಬಗಳ ಚೆಲುವಿನಲ್ಲಿಲ್ಲ, ಶಿಲೆಯ ವಯಸ್ಸಿನಲ್ಲಿದೆ. ಕರ್ನಾಟಕದಲ್ಲಿ ಲಾವಾ ಎಂದೊಡನೆ ನೆನಪಾಗುವುದು ದಖ್ಖನ್ ಟ್ರ್ಯಾಪ್ ಎಂಬ ಬಸಾಲ್ಟ್ ಹಾಸು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಸೀಮೆಯ ಎರೆಮಣ್ಣು ಆ ಬಸಾಲ್ಟ್ ಶಿಥಿಲವಾಗಿ ಆದದ್ದು. ವಿಜಯಪುರದ ಗೋಳಗುಮ್ಮಟ ಎದ್ದದ್ದೂ ಅದೇ ಕರಿಕಲ್ಲಿನಿಂದ. ಮಲ್ಪೆಯ ಶಿಲೆಯನ್ನು ದಖ್ಖನ್ ಲಾವಾದ ಚೂರೆಂದು ಬರೆದಿರುವುದು ಇಂದಿಗೂ ಅಲ್ಲಲ್ಲಿ ಕಾಣುತ್ತದೆ. ಅದು ಸರಿಯಲ್ಲ. ದಖ್ಖನ್ ಲಾವಾದ ಬಹುಪಾಲು ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಮಲ್ಪೆಯದು ಅದಕ್ಕಿಂತ ಹತ್ತಿರಹತ್ತಿರ ಎರಡು ಕೋಟಿ ವರ್ಷಗಳಷ್ಟಾದರೂ ಹಿರಿದು.

1981ರಲ್ಲಿ ಪ್ರಕಟವಾದ ಪೊಟ್ಯಾಸಿಯಂ–ಆರ್ಗಾನ್ ಅಳತೆ ಸುಮಾರು 9.3 ಕೋಟಿ ವರ್ಷ ಎಂದಿತು. ಈ ವಿಧಾನಕ್ಕೊಂದು ಮಿತಿಯಿದೆ: ಶಿಲೆಯೊಳಗಿನ ಆರ್ಗಾನ್ ಅನಿಲ ಮುಂದೆಂದೋ ಸೋರಿದ್ದರೆ ವಯಸ್ಸು ಕಡಿಮೆಯೆಂದು ತೋರುತ್ತದೆ, ಮೊದಲೇ ಹೆಚ್ಚುವರಿ ಸೇರಿಕೊಂಡಿದ್ದರೆ ಹೆಚ್ಚೆಂದು ತೋರುತ್ತದೆ. ಆರ್ಗಾನ್–ಆರ್ಗಾನ್ ವಿಧಾನದಲ್ಲಿ ಮಾದರಿಯನ್ನು ಹಂತಹಂತವಾಗಿ ಕಾಯಿಸಿ, ಪ್ರತಿ ಹಂತದಲ್ಲೂ ಹೊರಬರುವ ಅನಿಲವನ್ನು ಬೇರೆಬೇರೆಯಾಗಿ ಅಳೆಯುವುದರಿಂದ ಇಂಥ ದೋಷ ಬಯಲಾಗುತ್ತದೆ. ಕಾಂಚನ್ ಪಾಂಡೆ, ಹೇತು ಶೇಠ್, ರಜನೀಶ್ ಭುಟಾನಿ 2001ರಲ್ಲಿ ಈ ವಿಧಾನದಿಂದ ನೀಡಿದ ವಯಸ್ಸು 8.56 ಕೋಟಿ ವರ್ಷ. ಅದಕ್ಕೆ ತುಸು ಮೊದಲು, 2000ದಲ್ಲಿ, ಯುರೇನಿಯಂ–ಸೀಸದ ಅಳತೆ 9.1 ಕೋಟಿ ವರ್ಷದ ಆಸುಪಾಸನ್ನು ಸೂಚಿಸಿತ್ತು. ಇವೆರಡರ ನಡುವಿನ ಅಂತರ ಚಿಕ್ಕದಲ್ಲ. ಒಂದೇ ಸಂಖ್ಯೆಯನ್ನು ಅಂತಿಮವೆಂದು ಉದ್ಧರಿಸುವುದು ತರವಲ್ಲ. ಆದರೆ ಎರಡೂ ಮಡಗಾಸ್ಕರ್ ದ್ವೀಪದಲ್ಲಿ ಜ್ವಾಲಾಮುಖಿಗಳು ಉಕ್ಕಿದ ಅವಧಿಯೊಳಗೇ ಬೀಳುತ್ತವೆ. ಆಗ ಭಾರತವೂ ಮಡಗಾಸ್ಕರ್ ಕೂಡ ಒಂದೇ ಭೂಖಂಡದ ಭಾಗಗಳಾಗಿದ್ದು, ಸೀಳಿ ದೂರವಾಗತೊಡಗಿದ್ದವು. ಆ ಅಗಲಿಕೆಗೆ ಭಾರತದ ನೆಲದಲ್ಲಿ ಉಳಿದಿರುವ ಲಾವಾ ಸಾಕ್ಷ್ಯ ತೀರಾ ವಿರಳ. ಅದರಲ್ಲಿ ಈ ದ್ವೀಪಗಳದು ಮುಖ್ಯ ಸ್ಥಾನ.

ಇತಿಹಾಸ

ವಾಸ್ಕೋ ಡ ಗಾಮ ಕಲ್ಲಿಕೋಟೆ ತಲುಪುವ ಮೊದಲು ಇಲ್ಲಿ ಇಳಿದನೆಂಬ ಮಾತು ಪ್ರಚಲಿತ. ಅವನ ಯಾನದ ದಿನಚರಿ ಹೇಳುವ ಕ್ರಮ ಬೇರೆ. ಅವನು ಕಲ್ಲಿಕೋಟೆ ಮುಟ್ಟಿದ್ದು 1498ರ ಮೇ ತಿಂಗಳಲ್ಲಿ. ಅಲ್ಲಿಂದ ಮರಳುತ್ತ, ಸೆಪ್ಟೆಂಬರಿನಲ್ಲಿ, ತೀರಕ್ಕೆ ಸಮೀಪದ ನಡುಗಡ್ಡೆಯೊಂದರಲ್ಲಿ ಸಾಂತಾ ಮರಿಯಾ ಹೆಸರಿನ ಕಲ್ಲುಕಂಬ ನೆಡಿಸಿದ. ಆ ನಡುಗಡ್ಡೆ ಇದೇ ಎಂಬುದು ವಾಡಿಕೆಯ ಗುರುತಿಸುವಿಕೆ. ದರಿಯಾ ಬಹದ್ದೂರ್‌ಗಡದ ಕೋಟೆಯನ್ನು ಕೆಳದಿಯ ಬಸಪ್ಪ ನಾಯಕ ಕಟ್ಟಿಸಿದನೆನ್ನುತ್ತಾರೆ.

ಇಂದಿನ ಸ್ಥಿತಿ

ಜನವಸತಿಯಿಲ್ಲ. ಪ್ರವಾಸಿಗರು ಹೋಗುವುದು ತೆಂಗಿನ ದ್ವೀಪಕ್ಕೆ. ಮಲ್ಪೆಯಿಂದ ದೋಣಿಗಳಿವೆ, ಮಳೆಗಾಲದಲ್ಲಿ ಸಂಚಾರ ನಿಲ್ಲುತ್ತದೆ. ದಂಡೆಯಲ್ಲಿ ಮರಳಿಗಿಂತ ಚಿಪ್ಪಿನ ಚೂರುಗಳೇ ಹೆಚ್ಚು. ಕಂಬಗಳ ಮೇಲೆ ಹೆಸರು ಕೆತ್ತುವುದನ್ನೂ ಪ್ಲಾಸ್ಟಿಕ್ ಬಿಸಾಡುವುದನ್ನೂ ಕಟ್ಟುನಿಟ್ಟಾಗಿ ತಡೆಯಬೇಕು: ಈ ಶಿಲೆಯ ಒಟ್ಟು ಹರವೇ ಚಿಕ್ಕದು.