ಹಿಮಾಯತ್‌ನಗರ: ನೆರೆ ಮುನ್ನೆಚ್ಚರಿಕೆಯ ಇತಿಹಾಸ

ಹಿಮಾಯತ್‌ನಗರ ಹೈದರಾಬಾದಿನ ನಡುಭಾಗದಲ್ಲಿ, ಹುಸೇನ್ ಸಾಗರದ ಏರಿಯಿಂದ ಕೆಳಕ್ಕೆ, ಬಷೀರ್‌ಬಾಗ್, ನಾರಾಯಣಗುಡ, ದೋಮಲಗುಡಗಳ ನಡುವೆ ಹಬ್ಬಿರುವ ಬಡಾವಣೆ. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ನಗರ ಮೂಸಿ ನದಿಯ ಉತ್ತರಕ್ಕೆ ಹರಡಿದಾಗ ಬೆಳೆದದ್ದು. ನಿಜಾಮರ ಹಿರಿಯ ಮಗ ಆಜಂ ಜಾಹ್ ಹಿಮಾಯತ್ ಅಲಿ ಖಾನರ ಹೆಸರು ಇದಕ್ಕಿದೆ. ಅದೇ ಹೆಸರು ನಗರದಾಚೆ ಈಸಿ ನದಿಗೆ ಕಟ್ಟಿದ ಹಿಮಾಯತ್ ಸಾಗರಕ್ಕೂ ಇದೆ. ಒಬ್ಬನೇ ರಾಜಕುಮಾರನ ಹೆಸರು ಹೊತ್ತ ಈ ಎರಡು ಜಾಗಗಳಿಗೆ ನೀರು ಬರುವ ದಾರಿ ಬೇರೆ ಬೇರೆ. ಅದನ್ನು ಗಮನಿಸದಿದ್ದರೆ, ಅಣೆಕಟ್ಟು ಕಟ್ಟಿಯೂ ಹೈದರಾಬಾದಿನ ಮನೆಗಳಿಗೆ ನೀರು ನುಗ್ಗುವುದೇಕೆ ಎಂಬುದು ತಿಳಿಯುವುದಿಲ್ಲ.

ನಗರದ ನೆರೆ ಇತಿಹಾಸಕ್ಕೆ ಆರಂಭದ ಗುರುತು 1908ರ ಸೆಪ್ಟೆಂಬರ್ 28. ಉರ್ದು ಬಲ್ಲ ಹಿರಿಯರು ಅಂದಿನ ಮೂಸಿ ನೆರೆಯನ್ನು ಇಂದಿಗೂ 'ತುಘಿಯಾನಿ' ಎಂದೇ ಕರೆಯುತ್ತಾರೆ. ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಇಂಚು, 48 ಗಂಟೆಗಳಲ್ಲಿ 18.9 ಇಂಚು ಮಳೆ ಬಿತ್ತು. ಮೂಸಿ ಕಣಿವೆಯಲ್ಲಿ ಆಗ 788 ಕೆರೆಗಳಿದ್ದವು, ಹೆಚ್ಚುಕಡಿಮೆ ಚದರ ಮೈಲಿಗೊಂದು. ಅವುಗಳಲ್ಲಿ 221 ಒಡೆದವು. ಮೇಲಿನ ಕೆರೆ ಒಡೆದ ನೀರು ಕೆಳಗಿನ ಕೆರೆಯನ್ನು ಒಡೆಯುತ್ತಾ ಒಟ್ಟಾಗಿ ನಗರಕ್ಕೆ ಬಂತು. ಆ ಸುದ್ದಿಯನ್ನು ನೀರಿಗಿಂತ ಮುಂಚೆ ಊರಿಗೆ ಮುಟ್ಟಿಸುವ ಏರ್ಪಾಡು ಯಾವುದೂ ಇರಲಿಲ್ಲ. ನದಿದಂಡೆಯ ಮೊಹಲ್ಲಾಗಳ ಜನ ಸಿಕ್ಕ ಎತ್ತರ ಹತ್ತಿದರು: ಕೋಟೆ ಗೋಡೆ, ಮಾಳಿಗೆ, ಮರ. ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದ ಹುಣಸೆ ಮರವೊಂದು ಸುಮಾರು 150 ಜನರ ಜೀವ ಉಳಿಸಿತೆಂದು ಪ್ರತೀತಿ. ಸತ್ತವರು ಅಂದಾಜು 15,000. ಕವಿ ಅಮ್ಜದ್ ಹೈದರಾಬಾದಿ ತಾಯಿ, ಹೆಂಡತಿ, ಮಗಳು ಮೂವರನ್ನೂ ಅಂದು ಕಳೆದುಕೊಂಡರು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಅರಮನೆಗಳ ಬಾಗಿಲು ತೆರೆಸಿ ನಿರಾಶ್ರಿತರಿಗೆ ನೆಲೆ ಕೊಟ್ಟರು. ನದಿಗೆ ಪೂಜೆ ಸಲ್ಲಿಸಿದರೆಂಬುದೂ ಜನಮನದಲ್ಲಿ ಉಳಿದಿದೆ. ನೆರೆ ಬಂದಾಗ ಮನೆಮಂದಿ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಆ ದಿನ ಸಿಕ್ಕ ಉತ್ತರ ಇಷ್ಟೇ: ಮರ, ಇಲ್ಲವೇ ಅರಮನೆ.

ಮುಂದಿನ ಉತ್ತರ ಕೊಟ್ಟವರು ಕನ್ನಡಿಗರು. ಮುಂಬಯಿ ಸರ್ಕಾರದ ಸೇವೆಯಿಂದ ಆಗಷ್ಟೇ ಬಿಡುವು ಪಡೆದು ಯುರೋಪ್ ಪ್ರವಾಸದಲ್ಲಿದ್ದ ಎಂ. ವಿಶ್ವೇಶ್ವರಯ್ಯನವರಿಗೆ ನಿಜಾಮ್ ಸರ್ಕಾರದ ಕರೆ ಹೋಯಿತು. 1909ರ ಏಪ್ರಿಲ್‌ನಲ್ಲಿ ಬಂದ ಅವರು ಅಕ್ಟೋಬರ್ ಹೊತ್ತಿಗೆ ವರದಿ ಒಪ್ಪಿಸಿ, ನವೆಂಬರಿನಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆದರು. ಕನ್ನಂಬಾಡಿಯ ಭರಾಟೆಯಲ್ಲಿ ನಮ್ಮವರು ಈ ಆರೇಳು ತಿಂಗಳ ಕೆಲಸವನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ, ಅದು ಸರಿಯಲ್ಲ. ಊರಿನ ರಕ್ಷಣೆ ಊರೊಳಗಿಲ್ಲ, ಅದು ಜಲಾನಯನದ ಮೇಲ್ಭಾಗದಲ್ಲಿದೆ ಎಂಬುದು ಅವರ ವಾದದ ತಿರುಳು. ನಗರಕ್ಕೆ ಕೆಲವೇ ಮೈಲಿ ಮೇಲೆ ಮೂಸಿಗೊಂದು, ಈಸಿಗೊಂದು ಜಲಾಶಯ ಕಟ್ಟಿ ನೆರೆಯನ್ನು ಅಲ್ಲೇ ಹಿಡಿದಿಟ್ಟು ನಿಧಾನವಾಗಿ ಬಿಡಬೇಕು, ಊರೊಳಗೆ ದಂಡೆಗಳನ್ನು ಎತ್ತರಿಸಿ ಉದ್ಯಾನ ಮಾಡಬೇಕು, ಒಳಚರಂಡಿ ಹಾಕಬೇಕು. 1912ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ಜನ ಗಂಡಿಪೇಟ್ ಎನ್ನುವ ಉಸ್ಮಾನ್ ಸಾಗರ 1920ರಲ್ಲೂ ಹಿಮಾಯತ್ ಸಾಗರ 1927ರಲ್ಲೂ ಮುಗಿದವು. ಒಳಚರಂಡಿ ಕೆಲಸಕ್ಕೆಂದು ವಿಶ್ವೇಶ್ವರಯ್ಯನವರು 1920ರ ದಶಕದಲ್ಲಿ ಮತ್ತೆ ಹೈದರಾಬಾದಿಗೆ ಬಂದರು.

ಈ ಜಲಾಶಯಗಳು ಮೂಸಿಯನ್ನು ಬಹುಮಟ್ಟಿಗೆ ಪಳಗಿಸಿದವು. ಅದರ ಅಡ್ಡಪರಿಣಾಮವೆಂದರೆ ಮರೆವು. ನೆರೆಯ ಚಿಂತೆ ಎಂಜಿನಿಯರನದು, ಮನೆಯವರದಲ್ಲ ಎಂಬ ಭಾವನೆ ಎರಡು ಮೂರು ತಲೆಮಾರುಗಳಲ್ಲಿ ಬೇರೂರಿತು. ನೆರೆ ತಡೆಗೆ ಕಟ್ಟಿದ ಜಲಾಶಯ ಕುಡಿಯುವ ನೀರಿಗೂ ಬೇಕಾಯಿತು. ನೆರೆಗಾಗಿ ಖಾಲಿ ಇಡಬೇಕಾದದ್ದನ್ನು ಬೇಸಿಗೆಗಾಗಿ ತುಂಬಿಡುವ ಇಕ್ಕಟ್ಟು ಅಂದಿನಿಂದ ಇಂದಿನವರೆಗೂ ತೀರಿಲ್ಲ. ಎರಡೂ ಜಲಾಶಯಗಳ ಸುತ್ತ 10 ಕಿಲೋಮೀಟರ್ ಒಳಗೆ ಕಟ್ಟಡಗಳನ್ನು ನಿರ್ಬಂಧಿಸಿ 1996ರಲ್ಲಿ ಹೊರಟ 111ನೇ ಸಂಖ್ಯೆಯ ಸರ್ಕಾರಿ ಆದೇಶದ ನಿರ್ಬಂಧಗಳನ್ನು 2022ರಲ್ಲಿ ತೆಗೆಯಲಾಯಿತು. ಮೇಲ್ಭಾಗವೇ ರಕ್ಷಣೆ ಎಂದಿದ್ದ 1909ರ ವರದಿಯ ಪಕ್ಕದಲ್ಲಿಟ್ಟು ನೋಡಿದರೆ ಇದು ಹಿನ್ನಡೆ.

ಹಿಮಾಯತ್‌ನಗರದ ಕಥೆ ಇಲ್ಲಿ ಬೇರೆಯಾಗುತ್ತದೆ. ಅದಕ್ಕೆ ನೀರು ಮೂಸಿಯಿಂದ ಬರುವುದಿಲ್ಲ. 1560ರ ದಶಕದಲ್ಲಿ ಇಬ್ರಾಹಿಂ ಕುಲಿ ಕುತುಬ್ ಷಾನ ಕಾಲದಲ್ಲಿ ಹುಸೇನ್ ಷಾ ವಲಿ ಕಟ್ಟಿಸಿದ ಹುಸೇನ್ ಸಾಗರದ ಕೋಡಿ ನೀರು ಲೋವರ್ ಟ್ಯಾಂಕ್ ಬಂಡ್‌ನಿಂದ ಹೊರಟು, ಅಶೋಕ್‌ನಗರ, ಹಿಮಾಯತ್‌ನಗರದ ಅಂಚು, ನಲ್ಲಕುಂಟ, ಅಂಬರ್‌ಪೇಟ್ ಹಾದು ಮೂಸಿ ಸೇರುತ್ತದೆ. ಈ ನಾಲಾದ ಎರಡೂ ಬದಿ ಮನೆಗಳು ಒತ್ತಿಕೊಂಡು ಬಂದವು. ಹಂಚಿನ ಮನೆ, ಬಂಗಲೆಗಳ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದವು. ಮಳೆನೀರು ಇಂಗುವ ಅಂಗಳ ಹೋಗಿ ನೆಲದಡಿ ಸೆಲ್ಲಾರ್ ಬಂತು. ಸಣ್ಣ ನಾಲಾಗಳ ಮೇಲೆ ಚಪ್ಪಡಿ ಹಾಸಿ ರಸ್ತೆ ಮಾಡಿದ್ದೂ ಉಂಟು. 2023ರ ಜನವರಿಯಲ್ಲಿ ಹಿಮಾಯತ್‌ನಗರದ 5ನೇ ಸ್ಟ್ರೀಟ್‌ನಲ್ಲಿ ಅಂಥ ರಸ್ತೆ ಕುಸಿದು ಲಾರಿಯೊಂದು ಸಿಕ್ಕಿಕೊಂಡಿತು.

2000ದ ಆಗಸ್ಟ್ 24ರಂದು ಬೇಗಂಪೇಟೆಯಲ್ಲಿ ಒಂದೇ ದಿನ ಸುಮಾರು 24 ಸೆಂಟಿಮೀಟರ್ ಮಳೆಯಾಯಿತು. ಹುಸೇನ್ ಸಾಗರ ತುಂಬಿ, ನಾಲಾ ಉಕ್ಕಿ, ಅದರ ಪಕ್ಕದ ತಗ್ಗು ಬೀದಿಗಳು ಮುಳುಗಿದವು. ನದಿಯಿಂದ ದೂರವಿದ್ದೇವೆ ಎಂದು ನೆಮ್ಮದಿಯಾಗಿದ್ದ ಮಧ್ಯಮವರ್ಗಕ್ಕೆ ಮನೆ ಬಿಡುವ ಅನುಭವ ಆಗ ಆಯಿತು. ಆಮೇಲೆ ಕಿರ್ಲೋಸ್ಕರ್ ಸಲಹಾ ಸಂಸ್ಥೆ ಮಳೆನೀರು ಕಾಲುವೆಗಳ ಬಗ್ಗೆ 2003ರಲ್ಲಿ ವರದಿ ಕೊಟ್ಟಿತು. ನಾಲಾ ಅಗಲಿಸಬೇಕು, ಒತ್ತುವರಿ ತೆರವು ಮಾಡಬೇಕು ಎಂಬ ಮಾತು ಪ್ರತಿ ಮಳೆಗಾಲಕ್ಕೂ ಹೊರಬರುವುದು ಅಲ್ಲಿಂದ ರೂಢಿಯಾಯಿತು.

2020ರ ಅಕ್ಟೋಬರ್ 13 ಮತ್ತು 14ರಂದು ಮತ್ತೆ ಭಾರಿ ಮಳೆಯಾಯಿತು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ತೆಲಂಗಾಣದ ಮೇಲೆ ಹಾದಾಗ ಬೇಗಂಪೇಟೆಯಲ್ಲಿ 191.8 ಮಿಲಿಮೀಟರ್ ಬಿತ್ತು. ಅಲ್ಲಿ ಅಕ್ಟೋಬರಿನ ಒಂದು ದಿನಕ್ಕೆ 1903ರಿಂದ ಉಳಿದಿದ್ದ ದಾಖಲೆ 117.1. ಹಿಮಾಯತ್ ಸಾಗರದ ಗೇಟುಗಳು ಹತ್ತು ವರ್ಷದ ನಂತರ ತೆರೆದವು. ಟೋಲಿಚೌಕಿಯ ನದೀಂ ಕಾಲೊನಿಯಲ್ಲಿ ದೋಣಿಯ ಮೇಲೆ ಜನರನ್ನು ಸಾಗಿಸಿದರು. ಸರ್ಕಾರ ಸಂತ್ರಸ್ತ ಕುಟುಂಬಗಳಿಗೆ ತಲಾ 10,000 ರೂಪಾಯಿ ಘೋಷಿಸಿತು. ನಾಲಾ ಅಭಿವೃದ್ಧಿಗೆ ಪ್ರತ್ಯೇಕ ಯೋಜನೆ ಹುಟ್ಟಿತು. 2024ರ ಜುಲೈನಲ್ಲಿ ವಿಪತ್ತು ಸ್ಪಂದನೆ ಮತ್ತು ಸರ್ಕಾರಿ ಆಸ್ತಿ ರಕ್ಷಣೆಗೆಂದು 'ಹೈಡ್ರಾ' ರಚನೆಯಾಯಿತು; ಕೆರೆ ಒತ್ತುವರಿ ಒಡೆಯುವ ಕೆಲಸದಿಂದ ಅದು ಹೆಚ್ಚು ಹೆಸರಾಗಿದೆ.

ಈ ಅನುಭವಗಳಿಂದ ಮನೆಮಟ್ಟದ ಸಿದ್ಧತೆಯ ಸ್ವರೂಪ ಬದಲಾಗಿದೆ. ನದಿ ನೆರೆಗೆ ಗಂಟೆಗಳ ಮುನ್ಸೂಚನೆ ಸಿಗುತ್ತದೆ, ನಾಲಾ ನೆರೆಗೆ ನಿಮಿಷಗಳು. ಹಾಗಾಗಿ ಗಂಟುಮೂಟೆ ಕಟ್ಟುವುದಕ್ಕಿಂತ ಮೊದಲು ಕಟ್ಟಡವನ್ನು ತಿಳಿದಿರಬೇಕು. ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಮೀಟರ್ ಬೋರ್ಡು, ಪಂಪು, ಲಿಫ್ಟಿನ ಗುಂಡಿ ಎಲ್ಲವೂ ಸೆಲ್ಲಾರಿನಲ್ಲೇ ಇರುತ್ತವೆ. ನೀರು ಒಳಗೆ ಬರುವ ಮೊದಲು ಲಿಫ್ಟನ್ನು ಮೇಲಿನ ಮಹಡಿಯಲ್ಲಿ ನಿಲ್ಲಿಸಬೇಕು, ಆಮೇಲೆ ಮೇನ್ ಸ್ವಿಚ್ ಆರಿಸಬೇಕು. ಬಂದಮೇಲೆ ವಾಹನ ತೆಗೆಯಲು ಇಳಿಯುವುದು ಪ್ರಾಣಕ್ಕೆ ಎರವು. ಸಂಪಿನ ಮುಚ್ಚಳ ನೆಲಮಟ್ಟದಲ್ಲಿದ್ದರೆ ಕುಡಿಯುವ ನೀರಿಗೆ ಚರಂಡಿ ಸೇರುತ್ತದೆ. ತೊಳೆದು ಕ್ಲೋರಿನ್ ಹಾಕದೆ ಬಳಸಬಾರದು. ಆಧಾರ್, ಪಡಿತರ ಚೀಟಿ, ಆಸ್ತಿ ಕಾಗದ, ದಿನನಿತ್ಯದ ಮಾತ್ರೆ, ಟಾರ್ಚು ಒಂದೇ ಚೀಲದಲ್ಲಿ ಎತ್ತರದಲ್ಲಿರಬೇಕು. ಹರಿಯುವ ನೀರು ಆರು ಇಂಚಿದ್ದರೂ ನಡೆಯುವವನನ್ನು ಬೀಳಿಸಬಲ್ಲದು. ಅದರಡಿ ತೆರೆದ ಮ್ಯಾನ್‌ಹೋಲ್ ಇದ್ದರೆ ಕಾಣುವುದೂ ಇಲ್ಲ. ನೆಲಮಹಡಿಯ ವಾಚ್‌ಮನ್ ಕುಟುಂಬವನ್ನು ಮೊದಲು ಮೇಲಕ್ಕೆ ಕರೆಯಬೇಕಾದ್ದು ಸೂಚನಾಪಟ್ಟಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಇರಬೇಕಾಗಿತ್ತು.

ಮೂಸಿಯೂ ಪೂರ್ತಿ ಸುಮ್ಮನಾಗಿಲ್ಲ. 2025ರ ಸೆಪ್ಟೆಂಬರ್ ಕೊನೆಗೆ ಎರಡೂ ಜಲಾಶಯಗಳಿಂದ ನೀರು ಬಿಟ್ಟಾಗ ಮಹಾತ್ಮ ಗಾಂಧಿ ಬಸ್ ನಿಲ್ದಾಣವೇ ಜಲಾವೃತವಾಯಿತು. ಚಾದರ್‌ಘಾಟ್ ಸುತ್ತಲಿನ ತಗ್ಗಿನ ಜನರನ್ನು ಸ್ಥಳಾಂತರಿಸಿದರು. ಕಲಬುರಗಿ, ಬೀದರ್, ರಾಯಚೂರಿನ ಕಡೆಗೆ ಬಸ್ಸು ಹಿಡಿಯುವ ಕನ್ನಡಿಗರಿಗೆ ಆ ನಿಲ್ದಾಣ ಚಿರಪರಿಚಿತ.

ಹಿಮಾಯತ್‌ನಗರದವರು ನೆನಪಿಡಬೇಕಾದ ಅಂಕಿ ಮಾತ್ರ ಬೇರೆ: ಹುಸೇನ್ ಸಾಗರದ ಪೂರ್ಣ ಮಟ್ಟ 513.41 ಮೀಟರ್. ಮಳೆ ನಿಲ್ಲದೆ ಸುರಿಯುತ್ತಿರುವಾಗ ಕೆರೆ ಆ ಮಟ್ಟ ಮುಟ್ಟಿತೆಂಬ ಸುದ್ದಿ ಬಂದರೆ, ನಾಲಾ ಬದಿಯ ಬೀದಿಗಳವರು ಮುಂದಿನ ಪ್ರಕಟಣೆಗೆ ಕಾಯದೆ ಸೆಲ್ಲಾರ್ ಖಾಲಿ ಮಾಡಲಿ.