ದಾರಿ ಒಬ್ಬರದು, ಬೆಟ್ಟ ಇನ್ನೊಬ್ಬರದು

ಅಮೆರಿಕದ ಮೊಂಟಾನಾ ರಾಜ್ಯದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ‘ಗೋಯಿಂಗ್ ಟು ದ ಸನ್’ ಎಂಬ ಹೆಸರಿನ ರಸ್ತೆಯೊಂದಿದೆ. ಸೂರ್ಯನೆಡೆಗೆ ಸಾಗುವ ದಾರಿ ಎಂದು ಅದರ ಅರ್ಥ. ಸುಮಾರು 80 ಕಿಲೋಮೀಟರ್ ಉದ್ದದ ಈ ರಸ್ತೆ ರಾಕಿ ಪರ್ವತಗಳ ಬೆನ್ನೇರಿ, 6,646 ಅಡಿ ಎತ್ತರದ ಲೋಗನ್ ಪಾಸ್ ಮೂಲಕ ಆಚೆ ಕಡೆಗೆ ಇಳಿಯುತ್ತದೆ. ದೂರದಿಂದ ನೋಡಿದವರಿಗೆ ಬಂಡೆಯ ಮೈಮೇಲೆ ಎಳೆದ ತೆಳು ಗೆರೆಯಂತೆ ಕಾಣುತ್ತದೆ. ಈ ಗೆರೆ ಇಷ್ಟು ತೆಳುವಾಗಿ ಉಳಿದದ್ದರ ಹಿಂದೆ ಎರಡು ಸರ್ಕಾರಿ ಕಚೇರಿಗಳ ನಡುವಣ ಒಂದು ಒಡಂಬಡಿಕೆಯ ಕತೆಯಿದೆ.

1916ರಲ್ಲಿ ಹುಟ್ಟಿದ ರಾಷ್ಟ್ರೀಯ ಉದ್ಯಾನ ಸೇವೆಗೆ ಕಾನೂನು ವಹಿಸಿದ ಕೆಲಸವೇ ಇಕ್ಕಟ್ಟಿನದು. ಪ್ರಕೃತಿಯನ್ನು ಮುಂದಿನ ಪೀಳಿಗೆಗೆ ಕೆಡದಂತೆ ಉಳಿಸಬೇಕು, ಇಂದಿನ ಜನ ಅದನ್ನು ಕಂಡು ಸಂತೋಷಪಡುವಂತೆಯೂ ಮಾಡಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆ ಹೊತ್ತಿಗೆ ಮೋಟಾರು ಕಾರುಗಳ ಕಾಲ ಬಂದಿತ್ತು. ಜನ ಬರಬೇಕಾದರೆ ರಸ್ತೆ ಬೇಕು, ರಸ್ತೆ ಬೇಕಾದರೆ ಬೆಟ್ಟ ಕಡಿಯಬೇಕು.

ಗ್ಲೇಸಿಯರ್ ಉದ್ಯಾನಕ್ಕಾಗಿ ಸೇವೆಯ ಎಂಜಿನಿಯರ್ ಜಾರ್ಜ್ ಗುಡ್‌ವಿನ್ ಸಿದ್ಧಪಡಿಸಿದ ಯೋಜನೆಯಲ್ಲಿ 15 ಹೇರ್‌ಪಿನ್ ತಿರುವುಗಳಿದ್ದವು. ಎಂಜಿನಿಯರಿಂಗ್ ದೃಷ್ಟಿಯಿಂದ ಅದು ತಪ್ಪಲ್ಲ. ಆದರೆ ಕಣಿವೆಯ ಇಳಿಜಾರೆಲ್ಲ ಗಣಿಗಾರರು ಅಗೆದುಹೋದ ಜಾಗದಂತೆ ಕಾಣುವುದೆಂದು ಭೂದೃಶ್ಯ ವಿನ್ಯಾಸಕಾರ ಥಾಮಸ್ ವಿಂಟ್ ಆಕ್ಷೇಪಿಸಿದರು. ಒಂದೇ ದೊಡ್ಡ ತಿರುವು ಕೊಟ್ಟು, ‘ಗಾರ್ಡನ್ ವಾಲ್’ ಎಂಬ ಕಡಿದಾದ ಬಂಡೆಗೋಡೆಯ ಮೈಗುಂಟ ರಸ್ತೆ ಒಯ್ಯಬಹುದೆಂಬುದು ಅವರ ಸಲಹೆ. ಉದ್ಯಾನ ಸೇವೆಯ ನಿರ್ದೇಶಕ ಸ್ಟೀಫನ್ ಮ್ಯಾಥರ್ ಈ ಸಲಹೆಗೆ ಒಲಿದರು. ಅದು ಸಾಧ್ಯವೇ ಎಂದು ತಿಳಿಯಲು ಅವರು ಹೋದದ್ದು ಮತ್ತೊಂದು ಇಲಾಖೆಯ ಬಾಗಿಲಿಗೆ. ಆಗ ಕೃಷಿ ಇಲಾಖೆಯಲ್ಲಿದ್ದ ಸಾರ್ವಜನಿಕ ರಸ್ತೆಗಳ ಬ್ಯೂರೋ ತನ್ನ ಎಂಜಿನಿಯರ್ ಫ್ರಾಂಕ್ ಕಿಟ್ರೆಜ್ ಅವರನ್ನು ಕಳುಹಿಸಿತು. 1924ರ ಶರತ್ಕಾಲದಲ್ಲಿ ಅವರ ತಂಡ ಸುಮಾರು 34 ಕಿಲೋಮೀಟರ್ ಮಾರ್ಗದ ಸಮೀಕ್ಷೆ ನಡೆಸಿ, ಇದು ಆಗುವ ಕೆಲಸವೆಂದು ತೋರಿಸಿತು.

1926ರ ಜನವರಿಯಲ್ಲಿ ಎರಡೂ ಸಂಸ್ಥೆಗಳ ನಡುವೆ ಲಿಖಿತ ಒಡಂಬಡಿಕೆಯಾಯಿತು. ಸಮೀಕ್ಷೆ, ನಕ್ಷೆ, ನಿರ್ಮಾಣದ ಉಸ್ತುವಾರಿ ಬ್ಯೂರೋದ್ದು. ನಕ್ಷೆ ನೆಲದ ಚೆಲುವಿಗೆ ಒಪ್ಪುವುದೇ ಎಂದು ನೋಡಿ ಒಪ್ಪಿಗೆ ಕೊಡುವ ಹಕ್ಕು ಉದ್ಯಾನ ಸೇವೆಯದು. ಈ ಹಂಚಿಕೆಯ ಫಲ ಇಂದಿಗೂ ಕಣ್ಣಿಗೆ ಕಾಣುತ್ತದೆ. ದೊಡ್ಡ ಸಿಡಿತಗಳ ಬದಲು ಸಣ್ಣ ಸಣ್ಣ ಸಿಡಿತಗಳಿಂದಲೇ ಬಂಡೆ ಒಡೆಯಬೇಕಾಯಿತು. ತಡೆಗೋಡೆ, ಸೇತುವೆಗಳಿಗೆ ಅಲ್ಲಿನದೇ ಕಲ್ಲನ್ನು ಬಳಸಲಾಯಿತು. 1933ರ ಜುಲೈನಲ್ಲಿ ರಸ್ತೆ ಲೋಕಾರ್ಪಣೆಯಾಯಿತು. ಮುಂದೆ ಉಳಿದ ಉದ್ಯಾನಗಳ ರಸ್ತೆಗಳಿಗೂ ಇದೇ ಏರ್ಪಾಡು ಮಾದರಿಯಾಯಿತು.

ಆದರೆ ಈ ಒಡಂಬಡಿಕೆ ಕೇಳಿದ್ದು ಒಂದೇ ಪ್ರಶ್ನೆಯನ್ನು: ರಸ್ತೆ ನೋಡಲು ಹೇಗಿರಬೇಕು? ಕರಡಿ ಎಲ್ಲಿ ದಾಟಬೇಕು, ಹೊಳೆಯ ನೀರು ಏನಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಉದ್ಯಾನದ ಪೂರ್ವ ಭಾಗವನ್ನು 1895ರವರೆಗೂ ತಮ್ಮದೆಂದು ಹೊಂದಿದ್ದ ಬ್ಲ್ಯಾಕ್‌ಫೀಟ್ ಜನರಿಗೂ ಆ ಮೇಜಿನಲ್ಲಿ ಸ್ಥಾನವಿರಲಿಲ್ಲ.

ಎರಡನೆಯ ಮಹಾಯುದ್ಧದ ನಂತರ ಅಂತರರಾಜ್ಯ ಹೆದ್ದಾರಿಗಳ ಯುಗ ಬಂದಾಗ ಈ ಕೊರತೆ ಎದ್ದು ಕಂಡಿತು. ಬೆಲೆ ಕೊಟ್ಟು ಕೊಳ್ಳಬೇಕಾದ ಮನೆ, ಅಂಗಡಿಗಳಿಗಿಂತ ಸರ್ಕಾರದ್ದೇ ಆದ ಉದ್ಯಾನ, ಅರಣ್ಯಗಳು ಹೆದ್ದಾರಿ ಎಂಜಿನಿಯರುಗಳಿಗೆ ಅಗ್ಗದ ಜಾಗವಾಗಿ ತೋರಿದವು. ಇದಕ್ಕೆ ತಡೆಯೊಡ್ಡಲು 1966ರ ಸಾರಿಗೆ ಇಲಾಖೆ ಕಾಯಿದೆ, ವಿವೇಕಯುತವಾದ ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಸಾರ್ವಜನಿಕ ಉದ್ಯಾನದ ನೆಲ ಮುಟ್ಟಬಹುದೆಂದು ವಿಧಿಸಿತು. ಮೆಂಫಿಸ್ ನಗರದ ಓವರ್ಟನ್ ಉದ್ಯಾನದ ನಡುವೆ ಹಾಯಬೇಕಿದ್ದ ಹೆದ್ದಾರಿಯ ಮೊಕದ್ದಮೆಯಲ್ಲಿ, 1971ರಲ್ಲಿ ಸುಪ್ರೀಂ ಕೋರ್ಟ್ ಈ ಮಾತಿಗೆ ಬಲ ತುಂಬಿತು. ಆ ಹೆದ್ದಾರಿ ಉದ್ಯಾನವನ್ನು ಸೀಳಲೇ ಇಲ್ಲ.

ಈ ನಡುವೆ, 1970ರ ಜನವರಿ 1ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ರಾಷ್ಟ್ರೀಯ ಪರಿಸರ ನೀತಿ ಕಾಯಿದೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ದೊಡ್ಡ ಯೋಜನೆ ಕೈಗೊಳ್ಳುವ ಸಂಸ್ಥೆ ಅದರ ಪರಿಸರ ಪರಿಣಾಮಗಳ ವರದಿ ಬರೆಯಬೇಕು. ಬರೆಯುವ ಮೊದಲು ಆ ನೆಲ, ನೀರು, ಪ್ರಾಣಿಗಳ ಜವಾಬ್ದಾರಿ ಹೊತ್ತ ಇತರ ಸಂಸ್ಥೆಗಳ ಅಭಿಪ್ರಾಯ ಪಡೆಯಬೇಕು. ವರದಿಯ ಹೊಣೆ ಹೊರುವುದು ಮುಂಚೂಣಿ ಸಂಸ್ಥೆ, ಜೊತೆಗೆ ಕೂರುವುದು ಸಹಕಾರಿ ಸಂಸ್ಥೆ ಎಂಬ ಪದ್ಧತಿಯನ್ನು 1978ರ ನಿಯಮಗಳು ಸ್ಪಷ್ಟಗೊಳಿಸಿದವು.

ಕಾನೂನಿದ್ದ ಮೇಲೆ ಪ್ರತ್ಯೇಕ ಒಡಂಬಡಿಕೆ ಯಾಕೆ ಎಂಬ ಪ್ರಶ್ನೆ ಸಹಜ. ಉತ್ತರ ಹೆದ್ದಾರಿ ಕಾಯಿದೆಯ ಒಂದು ಕಲಮಿನಲ್ಲಿದೆ. ಕೇಂದ್ರ ಸರ್ಕಾರದ ನೆಲದ ಮೇಲೆ ಹೆದ್ದಾರಿ ಬೇಕೆಂದು ಸಾರಿಗೆ ಇಲಾಖೆ ಕೋರಿದರೆ, ನೆಲದ ಮೇಲ್ವಿಚಾರಣೆಯ ಇಲಾಖೆ ನಾಲ್ಕು ತಿಂಗಳೊಳಗೆ ಆಕ್ಷೇಪಿಸಬೇಕು ಅಥವಾ ತನ್ನ ಷರತ್ತು ಹಾಕಬೇಕು. ಸುಮ್ಮನಿದ್ದರೆ ನೆಲವನ್ನು ಹೆದ್ದಾರಿಗೆ ವರ್ಗಾಯಿಸಬಹುದು. ಮೌನಂ ಸಮ್ಮತಿ ಲಕ್ಷಣಂ! ಅರಣ್ಯದ ಕಚೇರಿಯಲ್ಲಿ ಕಡತ ನಾಲ್ಕು ತಿಂಗಳು ಮಲಗುವುದೇನೂ ಅಪರೂಪವಲ್ಲ. ಆದ್ದರಿಂದಲೇ ಅರಣ್ಯ ಸೇವೆಯೂ ಹೆದ್ದಾರಿ ಆಡಳಿತವೂ ನೆಲದ ವರ್ಗಾವಣೆಯ ಕ್ರಮ ಕುರಿತು 1998ರಲ್ಲಿ ಒಪ್ಪಂದ ಮಾಡಿಕೊಂಡವು. ನಕ್ಷೆ ಎಳೆಯುವ ಮೊದಲೇ ಜೊತೆಗೆ ಕೂತರೆ ಕೊನೆಯ ಗಳಿಗೆಯ ಜಗಳ ತಪ್ಪುತ್ತದೆ ಎಂಬುದು ಇಂಥ ಒಪ್ಪಂದಗಳ ಹಿಂದಿನ ತರ್ಕ.

ಮೊದಲೇ ಕೂರುವುದರಿಂದ ಏನಾಗುತ್ತದೆಂಬುದಕ್ಕೆ ಗ್ಲೇಸಿಯರ್ ಉದ್ಯಾನದ ನೆರೆಯಲ್ಲೇ ನಿದರ್ಶನವಿದೆ. ಉದ್ಯಾನದ ನೈಋತ್ಯಕ್ಕೆ ಸೇಲಿಷ್ ಮತ್ತು ಕೂಟನೇ ಜನರ ಫ್ಲಾಟ್‌ಹೆಡ್ ಮೀಸಲು ಪ್ರದೇಶವಿದೆ. ಅದರ ಮೂಲಕ ಹಾಯುವ 93ನೇ ಹೆದ್ದಾರಿಯನ್ನು ಅಗಲಿಸುವ ಯೋಜನೆ ಬುಡಕಟ್ಟಿನ ವಿರೋಧದಿಂದಾಗಿ ವರ್ಷಗಟ್ಟಲೆ ನಿಂತುಹೋಗಿತ್ತು. 2000ದ ಡಿಸೆಂಬರಿನಲ್ಲಿ ಬುಡಕಟ್ಟು ಸರ್ಕಾರ, ರಾಜ್ಯದ ಸಾರಿಗೆ ಇಲಾಖೆ, ಕೇಂದ್ರದ ಹೆದ್ದಾರಿ ಆಡಳಿತ ಮೂರೂ ಒಂದೇ ಒಪ್ಪಂದಕ್ಕೆ ಸಹಿ ಹಾಕಿದವು. ರಸ್ತೆ ಈ ನೆಲಕ್ಕೆ ಬಂದ ಅತಿಥಿ, ಅತಿಥಿಯಂತೆಯೇ ನಡೆದುಕೊಳ್ಳಬೇಕು ಎಂಬುದು ಬುಡಕಟ್ಟಿನ ನಿಲುವಾಗಿತ್ತು. ಸುಮಾರು 90 ಕಿಲೋಮೀಟರ್ ದಾರಿಯಲ್ಲಿ ಪ್ರಾಣಿಗಳು ದಾಟಲು 40ರಷ್ಟು ಕೆಳದಾರಿ, ಮೇಲುಸೇತುವೆಗಳು ಬಂದವು. ಊರುಗಳ, ಹೊಳೆಗಳ ಹೆಸರುಗಳು ಆ ಜನರ ಭಾಷೆಗಳಲ್ಲೂ ಫಲಕವೇರಿದವು. ಅದು ಉದ್ಯಾನವಲ್ಲ, ಬುಡಕಟ್ಟಿನ ನೆಲ. ಆದರೆ 1926ರಲ್ಲಿ ಕೇಳದೇ ಉಳಿದ ಪ್ರಶ್ನೆಗಳಿಗೆ ಅಲ್ಲಿ ಉತ್ತರ ದೊರೆಯಿತು.

ನಿಯಮಗಳೇನೋ ಬದಲಾಗುತ್ತಿರುತ್ತವೆ. 2023ರ ತಿದ್ದುಪಡಿ ಪರಿಣಾಮ ವರದಿಗೆ ಸಾಮಾನ್ಯವಾಗಿ 150 ಪುಟಗಳ ಮಿತಿಯನ್ನೂ ಎರಡು ವರ್ಷಗಳ ಗಡುವನ್ನೂ ಹಾಕಿತು. 2025ರಲ್ಲಿ 1978ರ ಪರಂಪರೆಯ ಆ ನಿಯಮಗಳನ್ನೇ ಹಿಂದಕ್ಕೆ ಪಡೆಯಲಾಯಿತು. ಮುಂಚೂಣಿ, ಸಹಕಾರಿ ಸಂಸ್ಥೆಗಳ ವಿಚಾರ 2023ರಿಂದ ಕಾಯಿದೆಯಲ್ಲೇ ಸೇರಿರುವುದರಿಂದ ಮೇಜು ಹಾಗೆಯೇ ಉಳಿದಿದೆ. ಮಾತಿಗೆ ಸಿಗುವ ಸಮಯ ಮಾತ್ರ ಕಿರಿದಾಗಿದೆ.

ಒಡಂಬಡಿಕೆ ಎಷ್ಟಾದರೂ ಕಾಗದ. ಎರಡನೆಯ ಸಹಿ ಹಾಕುವವರಿಗೆ ‘ಬೇಡ’ ಎನ್ನುವ ಅಧಿಕಾರವಿದ್ದಾಗ, ಅದನ್ನು ಹೇಳಲು ಸಾಕಷ್ಟು ಮೊದಲೇ ಅವರನ್ನು ಕರೆದಾಗ ಮಾತ್ರ ಅದಕ್ಕೆ ತೂಕ. 1924ರಲ್ಲಿ ವಿಂಟ್ ಅವರ ಆಕ್ಷೇಪ ಕೇಳಿಬಂದದ್ದು ಆ ಇಳಿಜಾರಿನಲ್ಲಿ ಸಿಡಿಮದ್ದು ಸಿಡಿಯುವ ಮುನ್ನ. ತಡವಾಗಿದ್ದರೆ ಆ ಕಣಿವೆಯ ಮೇಲೆ 15 ತಿರುವುಗಳ ಗಾಯ ಉಳಿದಿರುತ್ತಿತ್ತು.